ಅತ್ತೆಯ ಬೇವಿನ ರಸ

ಕೋಳಿಗಳಿಗೆ ಹೊಟ್ಟೆಹುಳ ಬಿದ್ದಾಗ ಅತ್ತೆ ಬೇವಿನ ರಸವೇ ಸಾಕೆಂದು ಹಟ ಹಿಡಿದಳು. ಜಗಳ ಬೇಡವೆಂದು ಸೊಸೆ ಶಂಕ್ರವ್ವ ದನದ ಡಾಕ್ಟರು ಕೊಟ್ಟ ಔಷಧವನ್ನು ಕದ್ದುಮುಚ್ಚಿ ಅವುಗಳ ನೀರಿಗೆ ಬೆರೆಸಿದಳು. ಕೋಳಿಗಳು ಚೇತರಿಸಿಕೊಂಡವು. ಅತ್ತೆ ಓಣಿತುಂಬ ತನ್ನ ರಸದ ಬಡಾಯಿ ಕೊಚ್ಚಿದಳು.

ಈಗ ಶಂಕ್ರವ್ವನ ಮೂರು ವರ್ಷದ ಮಗಳ ಹೊಟ್ಟೆ ಹುಳದಿಂದ ಗಡಿಗೆಯಂತೆ ಊದಿತ್ತು. ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟವಳಿಗೆ ಅತ್ತೆ ಬಾಗಿಲಲ್ಲೇ ಅಡ್ಡ ನಿಂತಳು.

"ದವಾಖಾನಿ ಯಾಕ ಬೇಕ? ನನ್ನ ಕೋಳಿ ಬೇವಿನ ರಸಾ ಕುಡದ ಬದುಕಿಲ್ಲೇನ? ಇದಕ್ಕೂ ಅದನ್ನ ಕುಡಸು."

ಶಂಕ್ರವ್ವ ಅವಳ ಕಾಲು ಹಿಡಿದಳು.

"ತಪ್ಪಾತ್ರಿ ಅತ್ತಿ. ಕೋಳಿ ನೀರಿನಾಗ ನಾ ಡಾಕ್ಟರ ಔಷಧ ಹಾಕಿದ್ದೆ. ಅದಕ್ಕ ಬದುಕ್ಯಾವು."

"ನೀ ಹಾಕೂದ ಅವತ್ತ ನೋಡೀನಿ, ಸುಮ್ಮನಿದ್ದೆ," ಎಂದಳು ಅತ್ತೆ, ಬಾಗಿಲು ಬಿಡದೆ. "ಕೋಳಿ ತತ್ತಿ ಇಡ್ತಾವ. ನಿನ್ನ ಮಗಳು ಏನ ಇಡ್ತಾಳ?"