ಮುಷ್ಟಿಯಲ್ಲಿದ್ದ ಗೊಂಚಲು

ಘಟ್ಟದ ಕಾಡಿನಿಂದ ಜಡೆಯನನ್ನು ಆಸ್ಪತ್ರೆಗೆ ಹೊತ್ತು ತಂದಾಗ, ವಾಂತಿ ಆಗಿ ಆಗಿ ಅವನಿಗೆ ಪ್ರಜ್ಞೆ ತಪ್ಪಿತ್ತು.

"ಏನು ತಿಂದಿದ್ದು?" ಡಾಕ್ಟರು ಕೇಳಿದರು.

ಹೆಂಡತಿ ಕೇತಮ್ಮ ಕಪ್ಪು ಹಣ್ಣಿನ ಗೊಂಚಲು ಮುಂದೆ ಹಿಡಿದಳು. "ಇವ್ರ ಮುಷ್ಟೀಲಿತ್ತು ಸಾ. ಯಾವ ಗಿಡಾನೋ, ನಾ ಕಂಡಿಲ್ಲ."

"ವಿಷ ಯಾವುದು ಅಂತ ತಿಳಿಯದೆ ಏನು ಔಷಧಿ ಕೊಡಲಮ್ಮಾ?"

"ಗೊತ್ತಿರೋರ್ನ ಬೇಗ ಕೇಳಿ ಸಾ, ಕೈಕಾಲು ತಣ್ಣಗಾಯ್ತಾ ಅವೆ!"

ಡಾಕ್ಟರು ಗೊಂಚಲಿನ ಫೋಟೊವನ್ನು ಅರಣ್ಯಾಧಿಕಾರಿಗೆ ಕಳಿಸಿ ಫೋನ್ ಮಾಡಿದರು. ಕೇತಮ್ಮನಿಗೂ ಕೇಳಲೆಂದು ಸ್ಪೀಕರ್ ಹಾಕಿದರು.

"ಆ ಪೊದೆ ನಮಗೂ ಹೊಸದು ಡಾಕ್ಟ್ರೇ," ಎಂದರು ಅಧಿಕಾರಿ. "ಗುರುತು ಹಿಡಿಯೋಕೆ ಅಂತಲೇ ಬೆಳಿಗ್ಗೆ ನಮ್ಮ ವಾಚರ್ ಜಡೆಯನನ್ನ ಕಳಿಸಿದೀನಿ. ಇನ್ನೇನು ಬರ್ತಾನೆ. ಎಂಥ ಹಣ್ಣಾದ್ರೂ ಬಾಯಿಗೆ ಹಾಕ್ಕೊಂಡು ಹೇಳ್ಬಿಡ್ತಾನೆ."