ಮೊದಲ ಪೇಡಾ

“ಬಾಯಿ ತೆಗೀರಿ, ವೈನಿ! ನನ್ನ ರಕ್ತದಾಗ ಆ ಜೀನ್ ಇಲ್ಲ!” ದಹಿಸರ್ ಮನೆಯ ಹೊಸ್ತಿಲಲ್ಲೇ ನಿಂತು ಮೈದುನ ಈಶ್ವರ ಶಿವಕುಮಾರಿಯತ್ತ ಪೇಡಾ ಡಬ್ಬಿ ಚಾಚಿದ. ಅವನ ತಾಯಿ ಇಂದ್ರಾಬಾಯಿಗೆ ಮರೆವಿನ ರೋಗ, ಆಲ್ಝೈಮರ್. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಒಂದು ಜೀನ್ ಇದ್ದವರಿಗೆ ಇದರ ಅಪಾಯ ಹೆಚ್ಚೆಂದು ಡಾಕ್ಟರು ಹೇಳಿದ್ದೇ ತಡ, ಅವನು ಪರೀಕ್ಷೆಗೆ ಓಡಿದ್ದ.

ಶಿವಕುಮಾರಿ ಪೇಡಾ ಮುಟ್ಟಲಿಲ್ಲ. ಗಂಡ ಸತ್ತ ಮೇಲೆ ಅವಳು ಅತ್ತೆಯನ್ನು ಒಳಗೆ ಬಿಟ್ಟು, ಕೀಲಿ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. “ರಿಪೋರ್ಟ್ ಬರಲಿ, ಆಮೇಲೆ ಅವ್ವನ್ನ ಕರಕೊಂಡು ಹೋಗ್ತೀನಿ ಅಂದಿದ್ದಿ. ಬಂತಲ್ಲ, ಕರಕೊಂಡು ಹೋಗು.”

“ಬಾಂದ್ರಾದಾಗ ನಮ್ಮ ಮನಿ ಭಾಳ ಸಣ್ಣದು, ವೈನಿ...” ಅವನು ಒಳಗೆ ಬಂದು, ಗೋಡೆಗೊರಗಿ ಕೂತಿದ್ದ ತಾಯಿಯ ಬಾಯಿಗೆ ಪೇಡಾ ಹಿಡಿದ. ಇಂದ್ರಾಬಾಯಿ ಆ ಕೈ ತಡೆದಳು. “ಯಾರ ಮಗನೋ ನೀ? ಪಾಸಾದೇನು? ಮೊದಲನೇ ಪೇಡಾ ನಿಮ್ಮವ್ವಗ ಕೊಡಬೇಕಪಾ.”

ಈಶ್ವರ ನಕ್ಕುಬಿಟ್ಟ.

ಶಿವಕುಮಾರಿ ಪೆನ್ನು ತಂದಳು. ದಾರಿ ತಪ್ಪಿದರೆ ಇರಲೆಂದು ಅತ್ತೆಯ ಕೊರಳಿಗೆ ಕಟ್ಟಿದ್ದ ಚೀಟಿಯನ್ನು ಎಳೆದು ಹಿಡಿದು, ಅದರಲ್ಲಿದ್ದ ತನ್ನ ಫೋನ್ ನಂಬರನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದಳು. ಕೆಳಗೆ, ದಪ್ಪ ಅಕ್ಷರದಲ್ಲಿ, ಈಶ್ವರನ ನಂಬರು ಬರೆದಳು.