ಗ್ಯಾಲರಿ ಭರ್ತಿ

"ಜಾಗ ಇಲ್ಲಮ್ಮ." ಕಾವಲುಗಾರ ಬಾಗಿಲಿಗೆ ತೋಳು ಅಡ್ಡ ಇಟ್ಟ.

"ಸಭೆ ಶುರುವಾಗೋಕೆ ಇನ್ನೂ ಹೊತ್ತಿದೆ. ಅಷ್ಟರಲ್ಲೇ ಭರ್ತಿನಾ?"

"ಜನಕ್ಕೆ ಆಸಕ್ತಿ ಜಾಸ್ತಿ ನೋಡಿ."

ಅವಳು ಅವನ ಭುಜದ ಮೇಲಿಂದ ಇಣುಕಿದಳು. ಸುಳ್ಳಲ್ಲ. ಜಿಲ್ಲಾ ಪರಿಷತ್ತಿನ ಸಭಾಂಗಣದ ಹಿಂಭಾಗದಲ್ಲಿ ಸಾರ್ವಜನಿಕರಿಗೆಂದು ಮೀಸಲಿಟ್ಟ ಸಾಲುಗಳಲ್ಲಿ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಹೋದ ತಿಂಗಳೂ ಹೀಗೇ ಆಗಿತ್ತು. ಅದರ ಹಿಂದಿನ ತಿಂಗಳೂ.

ನಿಯಮ ಸರಳ. ಸಭೆಗೆ ಯಾರು ಬೇಕಾದರೂ ಬರಬಹುದು, ಕೊನೆಯಲ್ಲಿ ಪ್ರಶ್ನೆ ಕೇಳಬಹುದು. ಆದರೆ ಕುರ್ಚಿ ಸಿಕ್ಕವರು ಮಾತ್ರ. ಸಿಗದವರು ಹೊರಗಿನ ಬೆಂಚಿನ ಮೇಲೆ ಕೂತು ಧ್ವನಿವರ್ಧಕದಲ್ಲಿ ಕೇಳಿಸಿಕೊಳ್ಳಬೇಕು.

ಅವಳು ಕಾರು ಓಡಿಸುವುದನ್ನು ಕಲಿಸುವವಳು. ಶಿಷ್ಯರ ಬಾಯಲ್ಲಿ ಕ್ಲಚ್ ಅಕ್ಕ. ಅವಳ ತಮ್ಮನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಜಿಲ್ಲಾ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರಗಳು ಬಂದಿದ್ದವು, ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲೂ ಬಂದಿತ್ತು. ಮಾರನೆಯ ದಿನವೇ ಆ ಕೋಣೆಗೆ ಬೀಗ ಬಿತ್ತು. ಯಾಕೆ ಎಂದು ಕೇಳಿದರೆ ಡಾಕ್ಟರು ಪರಿಷತ್ತಿನ ಕಡೆ ಕೈ ತೋರಿಸಿದರು. ಪರಿಷತ್ತಿನವರು 'ಪರಿಶೀಲನೆಯಲ್ಲಿದೆ' ಎಂದರು. ಹಾಗಾಗಿ ವಾರಕ್ಕೆ ಮೂರು ಸಲ ಅವಳು ತಮ್ಮನನ್ನು ಪಾಠದ ಕಾರಿನಲ್ಲೇ ಪಕ್ಕದ ಜಿಲ್ಲೆಗೆ ಕರೆದೊಯ್ಯುತ್ತಿದ್ದಳು. ವಾಪಸು ಬರುವಾಗ ಅವನು ಹಿಂದಿನ ಸೀಟಿನಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದ.

ಸಭೆ ಶುರುವಾಗುವವರೆಗೆ ಆರೋಗ್ಯ ವಿಭಾಗದಲ್ಲಾದರೂ ವಿಚಾರಿಸೋಣವೆಂದು ಅವಳು ಕೆಳಗಿಳಿದಳು. ಫ್ಯಾನುಗಳು ತಿರುಗುತ್ತಿದ್ದವು, ಮೇಜಿನ ಮೇಲೆ ಟೀ ಲೋಟಗಳಿದ್ದವು, ಮನುಷ್ಯರಿರಲಿಲ್ಲ. ಮೂಲೆಯಲ್ಲಿ ಒಬ್ಬ ಮುದುಕ ಗುಮಾಸ್ತ ಮಾತ್ರ.

"ಇವತ್ತು ಮೀಟಿಂಗ್ ದಿನ ಅಲ್ವಾ? ನಾಳೆ ಬನ್ನಿ," ಎಂದ.

ಸಂಬಳ ಎಣಿಸಿಕೊಂಡು ತಿರುಗಾಡೋಕೆ ಒಂದು ನೆಪ ಸಿಕ್ಕರೆ ಸಾಕು ಎಂದು ಗೊಣಗುತ್ತಾ ಅವಳು ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕುಕ್ಕರಿಸಿದಳು.

ಕೊನೆಗೆ ಧ್ವನಿವರ್ಧಕದಲ್ಲಿ ಅಧ್ಯಕ್ಷರ ದನಿ ಬಂತು. "ಸಾರ್ವಜನಿಕರಿಂದ ಏನಾದರೂ ಪ್ರಶ್ನೆ?"

ಯಾರೋ ಕೆಮ್ಮಿದರು. ಅಷ್ಟೇ.

"ಪ್ರಶ್ನೆಗಳಿಲ್ಲ ಎಂದು ಬರೆದುಕೊಳ್ಳಿ. ನಮ್ಮ ಪಾರದರ್ಶಕ ಆಡಳಿತದ ಮೇಲೆ ಜನ ಇಟ್ಟಿರುವ ವಿಶ್ವಾಸಕ್ಕೆ ಧನ್ಯವಾದ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಅಧ್ಯಕ್ಷರ ಮೇಲಲ್ಲ, ಆ ಜನರ ಮೇಲೆ.

"ಬೆಳಿಗ್ಗೆಯೇ ಬಂದು ಜಾಗ ಹಿಡೀತಾರೆ, ಬಾಯಿ ಮಾತ್ರ ಬಿಡಲ್ಲ," ಎಂದಳು ಕಾರು ಹತ್ತುತ್ತಾ. "ಮೇಲಿನವರು ಹೇಗೂ ಹಾಗೇ ಬಿಡು. ಈ ಜನಕ್ಕೆ ಏನಾಗಿದೆ?"

"ಅಕ್ಕ, ಗೇರ್ ಬಾಕ್ಸ್ ಏನು ತಪ್ಪು ಮಾಡ್ತು? ಮೆಲ್ಲಗೆ ಹಾಕು," ಎಂದ ಹಿಂದಿನ ಸೀಟಿನಲ್ಲಿ ಕಾಯುತ್ತಿದ್ದ ತಮ್ಮ. ನಗಲು ಹೋಗಿ ಅವನಿಗೆ ಮೇಲುಸಿರು ಹತ್ತಿತು.

ಮುಂದಿನ ತಿಂಗಳು ಅದೃಷ್ಟ ಖುಲಾಯಿಸಿತು. ಸಭೆಯ ನಡುವೆ ಒಬ್ಬ ಹೆಂಗಸು ಫೋನು ಕಿವಿಗೊತ್ತಿಕೊಂಡು, ಮಗುವಿಗೆ ಜ್ವರ, ಶಾಲೆಯಿಂದ ಕರೆದಿದ್ದಾರೆ ಎನ್ನುತ್ತಾ ಹೊರಗೆ ಓಡಿದಳು. ಕಾವಲುಗಾರ ಅವಳ ಹಿಂದೆಯೇ ಹೋಗಿ ಏನೋ ಗುಸುಗುಸು ಕೇಳುತ್ತಿದ್ದ. ಕ್ಲಚ್ ಅಕ್ಕ ಒಳಗೆ ನುಗ್ಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಳು.

ಪಕ್ಕದಲ್ಲಿ ಕನ್ನಡಕದ ಹೆಂಗಸೊಬ್ಬಳು ಸ್ವೆಟರು ಹೆಣೆಯುತ್ತಿದ್ದಳು. ಆಚೆ ಕಡೆ ಒಬ್ಬ ಗಂಡಸು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದ.

"ಪ್ರತಿ ತಿಂಗಳು ಬರ್ತೀರಾ?" ಎಂದು ಕ್ಲಚ್ ಅಕ್ಕ ಪಿಸುಗುಟ್ಟಿದಳು.

"ಬರದೆ ಇರೋಕೆ ಆಗುತ್ತಾ?" ಎಂದಳು ಕನ್ನಡಕದವಳು.

"ಏನೂ ಕೇಳಬೇಕು ಅನ್ನಿಸಲ್ವಾ?"

"ಕೇಳಿದ್ರೆ ಕಷ್ಟ ನಮಗೇ."

ಹೇಡಿಗಳು ಎಂದುಕೊಂಡಳು.

"ಸಾರ್ವಜನಿಕರಿಂದ ಏನಾದರೂ..." ಅಧ್ಯಕ್ಷರು ಆಗಲೇ ಕಡತ ಮುಚ್ಚುತ್ತಿದ್ದರು.

"ಇದೆ," ಎಂದು ಅವಳು ಎದ್ದು ನಿಂತಳು.

ಇಡೀ ಸಭಾಂಗಣ ತಿರುಗಿ ನೋಡಿತು. ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಬಾಗಿಲಿನ ಕಡೆ ನೋಡಿದ.

"ಡಯಾಲಿಸಿಸ್ ಕೋಣೆಗೆ ಬೀಗ ಹಾಕಿದ್ದು ಯಾರು? ಕೀಲಿ ಯಾರ ಹತ್ತಿರ ಇದೆ? ಅಷ್ಟು ಹೇಳಿ ಸಾಕು. ನನ್ನ ತಮ್ಮ ಇನ್ನೆಷ್ಟು ದಿನ ಪಕ್ಕದ ಜಿಲ್ಲೆಯ ಓಡಾಟ ತಡೀತಾನೋ ಗೊತ್ತಿಲ್ಲ."

ಅಧ್ಯಕ್ಷರು ನೀರು ಕುಡಿದರು. "ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇದು ಒಬ್ಬರ ವೈಯಕ್ತಿಕ ಸಮಸ್ಯೆ. ಪರಿಷತ್ತು ನೋಡಬೇಕಾದ್ದು ಸಮಸ್ತ ಜನರನ್ನು. ಇಲ್ಲಿ ಇಷ್ಟು ಮಂದಿ ಕೂತಿದ್ದಾರೆ. ಬೇರೆ ಯಾರಿಗಾದರೂ ಈ ಪ್ರಶ್ನೆ ಇದೆಯೇ?"

ಅವಳು ಜನರ ಕಡೆ ತಿರುಗಿದಳು. "ನಿಮ್ಮ ಮನೇಲಿ ಯಾರಿಗೂ ಕಾಯಿಲೆ ಬರಲ್ವಾ? ಒಬ್ಬರಾದರೂ ಎದ್ದು ನಿಲ್ಲಿ. ಮಾತಾಡೋದು ಬೇಡ, ಸುಮ್ಮನೆ ನಿಂತರೆ ಸಾಕು."

ತಲೆಗಳು ತಗ್ಗಿದವು. ನಿದ್ದೆಗಣ್ಣಿನ ಗಂಡಸು ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದ. ಕನ್ನಡಕದವಳ ಕೈಯಲ್ಲಿ ಹೆಣಿಗೆ ನಿಂತಿತ್ತು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ಅವಳು ಏಳಲಿಲ್ಲ.

"ಜನಾಭಿಪ್ರಾಯ ಸ್ಪಷ್ಟವಾಗಿದೆ," ಎಂದರು ಅಧ್ಯಕ್ಷರು. "ಬರೆದುಕೊಳ್ಳಿ."

ಅವಳು ಕುರ್ಚಿಯಲ್ಲಿ ಕುಸಿದಳು. ಇಂಥ ಜನಕ್ಕಾಗಿ ಯಾರಾದರೂ ಯಾಕೆ ಬಡಿದಾಡಬೇಕು ಅನ್ನಿಸಿತು.

ಕನ್ನಡಕದವಳು ಮೆಲ್ಲಗೆ ಅವಳ ಕೈ ಹಿಡಿದು ಕಿವಿಯ ಹತ್ತಿರ ಬಾಗಿದಳು.

"ಹೊಸಬಳಾ ನೀನು? ಯಾವ ಸೆಕ್ಷನ್ನಿಂದ ಕಳಿಸಿದ್ರು? ಹೊರಗಿನ ಜನ ಬಂದು ಇಂಥದ್ದೆಲ್ಲ ಕೇಳಬಾರದು ಅಂತಲೇ ಅಲ್ವೇನಮ್ಮ, ನಮ್ಮನ್ನ ಕೆಲಸ ಬಿಡಿಸಿ ಇಲ್ಲಿ ತಂದು ಕೂರಿಸೋದು."